ಪಿಳ್ಳಮ್ಮಜ್ಜಿ ತಂದ ಗಿಣ್ಣು

ಅಪ್ಪಾಜಿ, ಕೆಲಮಂಗಲದಿಂದ ಸಲೋಮಿಯ ವಂದನೆ. ಕೆಮ್ಮು ವಾಸಿಯಾಯ್ತು, ಅಮ್ಮನಿಗೆ ಹೇಳಿ.

ನೀವು ಹಂಚೋಕೆ ಕೊಟ್ಟ ಸುವಾರ್ತೆ ಕರಪತ್ರದ ಕಟ್ಟು ಇನ್ನೂ ಬಿಚ್ಚಿಲ್ಲ, ಬೈಬೇಡಿ. ಹೋದ ವರ್ಷ ಪಕ್ಕದ ಮನೆ ಪಿಳ್ಳಮ್ಮಜ್ಜಿಯ ಹಸು ಕರು ಹಾಕಿದಾಗ ಬೀದಿಗೆಲ್ಲ ಗಿಣ್ಣು ಕೊಟ್ಟು, ನನ್ನ ಬಾಗಿಲು ಮಾತ್ರ ದಾಟಿ ಹೋಗಿದ್ದರು. ಹೊರಗಿನವಳ ಕಣ್ಣು ಬಿದ್ದರೆ ಹಾಲು ಬತ್ತುತ್ತೆ ಅನ್ನೋ ಭಯ. ಆಮೇಲೆ ಅವರು ಜಾರಿಬಿದ್ದರು. ಕೆಲಸದಿಂದ ಬಂದು ದಿನಾ ಅವರ ಮಂಡಿಗೆ ಎಣ್ಣೆ ತಿಕ್ಕಿದೆ, ದೇವರ ಮಾತು ಎತ್ತಲಿಲ್ಲ.

ಈ ಸಲ ಮೊದಲ ಗಿಣ್ಣು ನನಗೇ ತಂದರು. ತಿನ್ನೋ ಮುಂಚೆ ನಾನು ಕಣ್ಣು ಮುಚ್ಚಿ ಪ್ರಾರ್ಥಿಸಿದ್ದನ್ನ ನೋಡಿ, "ಅದ್ರಾಗೆ ನನ್ನೆಸ್ರೂ ಯೋಳ್ತೀಯೇನಮ್ಮಾ?" ಅಂದರು.

"ದಿನಾ ಹೇಳ್ತೀನಜ್ಜಿ."

"ಅಂಗಾದ್ರೆ ಯಾರ ತಾವ ಯೋಳ್ತೀಯಾ ಅಂತ ನಂಗೂ ಯೋಳು," ಅಂತ ಗೋಡೆಗೊರಗಿ ಕಾಲು ಚಾಚಿ ಕೂತರು.

ನಿಮ್ಮ ಸಲೋಮಿ