ಪೂರ್ವದ ಗೋಡೆಯ ಬಾವಲಿಮನೆ

9 ಮಾರ್ಚ್ 2025, ಭಾನುವಾರ

ಬಟ್ಟೆ ಒಣಹಾಕಿದೆ. ತುಳಸಿಗೆ ನೀರು. ಸಂಜೆ ಹಿತ್ತಲಲ್ಲಿ ಕುರ್ಚಿ ಹಾಕಿ ಕೂತೆ—ಅಭ್ಯಾಸ. ಒಂದು ಬಾವಲಿಯೂ ಬರಲಿಲ್ಲ. ಎಲ್ಲಿಂದ ಬರಬೇಕು? ಮಹಡಿ ಮನೆಯ ಹೊಸ ಓನರ್ ಕಳೆದ ವಾರ ಕಿಟಕಿ ಸಜ್ಜೆಯ ಕೆಳಗಿನ ಬಿರುಕಿನಿಂದ ಅವನ್ನು ಕೋಲಾಡಿಸಿ ಓಡಿಸಿ, ಸಿಮೆಂಟ್ ಮೆತ್ತಿಸಿಬಿಟ್ಟ. ಬೆರಳುದ್ದದ ಜೀವಗಳು. ಯಾರಿಗೇನು ಮಾಡಿದ್ದವು?

ಆ ಮನೆಯಲ್ಲಿ ವಿಜಯಮ್ಮ ಇದ್ದಾಗ ದಿನಾ ಸಂಜೆ ಕೆಳಗಿಳಿದು ಬರುತ್ತಿದ್ದರು. ಹೊರಡುವ ಬಾವಲಿಗಳನ್ನು ಇಬ್ಬರೂ ಎಣಿಸುತ್ತಿದ್ದೆವು. ಲೆಕ್ಕ ತಪ್ಪಿದವರು ಕಾಫಿ ಮಾಡಬೇಕು. ತಪ್ಪು ಯಾರದೆಂದು ತೀರ್ಮಾನಿಸುವವರೂ ಅವರೇ! ಹಾಗಾಗಿ ವರ್ಷಗಟ್ಟಲೆ ಕಾಫಿ ಮಾಡಿದವಳು ನಾನೇ. ಈಗ ಅವರು ದೆಹಲಿ ಬಿಟ್ಟು ದಾವಣಗೆರೆಯಲ್ಲಿ, ಮಗಳ ಮನೆಯಲ್ಲಿ.

ಫೋನಿನಲ್ಲಿ ಹೇಳಿದೆ. "ಅಯ್ಯೋ ಪಾಪ... ಅವಕ್ಕೊಂದು ಮನೆ ಮಾಡಿಕೊಡೇ ಶೈಲಾ. ವಾಪಸ್ ಬಂದ ದಿನ ಹೇಳು, ಮಾರನೇ ದಿನಾನೇ ಟ್ರೇನ್ ಹತ್ತೀನಿ. ನನ್ನಾಣೆಗೂ!"

ಆಯಿತು. ಮಾಡೋಣ.

16 ಮಾರ್ಚ್

ಆನ್‌ಲೈನಿನಲ್ಲಿ ತರಿಸಿದ ಪೆಟ್ಟಿಗೆ ನೋಡಲು ಚೆಂದ, ಒಳಗೆಲ್ಲ ನುಣುಪು. ಬಾವಲಿಗಳು ಉಗುರು ಎಲ್ಲಿ ಊರಬೇಕು? ವಾಪಸ್. ಜನಕಪುರಿ ಮಾರ್ಕೆಟ್ಟಿನ ಬಡಗಿಯಿಂದ ಒರಟು ಹಲಗೆಯಲ್ಲಿ ಮಾಡಿಸಿದೆ. ತಳದಲ್ಲಿ ಮಾತ್ರ ಸಣ್ಣ ಸಂದು.

"ಮೇಡಂ, ದರ್ವಾಜಾ ಕಹಾಂ ಹೈ?"

"ಯಹೀ ಹೈ ಭಯ್ಯಾ," ಎಂದು ಸಂದು ತೋರಿಸಿದೆ. ಬಾಗಿಲು ಹುಡುಕುತ್ತಿದ್ದವನು ತಲೆ ಕೆರೆದುಕೊಂಡ.

ಎಲ್ಲಿ ಹಾಕುವುದು? ಬೇವಿನ ಮರಕ್ಕೆ ಬೇಡ, ಬೆಕ್ಕು ಹತ್ತುತ್ತದೆ. ಪಶ್ಚಿಮದ ಗೋಡೆಯ ಮೇಲೆ ಮೇ ತಿಂಗಳಲ್ಲಿ ಹಪ್ಪಳ ಸುಡಬಹುದು. ಗೇಟಿನ ಪಕ್ಕ ಬೀದಿದೀಪ. ಕೊನೆಗೆ ಪೂರ್ವದ ಗೋಡೆ, ಎತ್ತರದಲ್ಲಿ. ಬೆಳಗಿನ ಬಿಸಿಲು ಮಾತ್ರ ಬೀಳುತ್ತದೆ. ಬೀದಿಯಲ್ಲಿ ಕೆಲಸಕ್ಕೆ ಬಂದಿದ್ದ ಪೇಂಟರ್ ಏಣಿ ತಂದು ಮೊಳೆ ಹೊಡೆದುಕೊಟ್ಟ.

30 ಮಾರ್ಚ್, ಯುಗಾದಿ

ಬೇವುಬೆಲ್ಲ ಒಬ್ಬಳೇ ತಿಂದೆ. ಬೇವೇ ಜಾಸ್ತಿಯಾಯಿತು.

ವಿಜಯಮ್ಮನಿಗೆ ವಿಡಿಯೋದಲ್ಲಿ ಪೆಟ್ಟಿಗೆ ತೋರಿಸಿದೆ. "ತೋರಣ ಇಲ್ದೆ ಗೃಹಪ್ರವೇಶಾನಾ? ಬಾಗ್ಲಿಗೆ ಕಟ್ಟೇ. ಶಾಸ್ತ್ರ ಅಂದ್ರೆ ಶಾಸ್ತ್ರ." ಬಾಗಿಲು ತಳದಲ್ಲಿ. ಸರಿ, ತಳಕ್ಕೇ ಮಾವಿನೆಲೆ ಕಟ್ಟಿಸಿದೆ. ಸಾಂಬ್ರಾಣಿ ಬೇರೆ. ಅವರು ನಕ್ಕರು, ನಾನೂ. ಎಷ್ಟೋ ದಿನದ ಮೇಲೆ.

ಪಕ್ಕದ ಖುರಾನಾ ಆಂಟಿ ಗೋಡೆಯಾಚೆಯಿಂದ ಅವರ ಹಿಂದಿ ಗಾದೆ ಹೇಳಿದರು: ಬಾವಲಿ ಮನೆಗೆ ನೆಂಟರು ಬಂದರೆ, ನಾವೂ ನೇತಾಡ್ತೀವಿ, ನೀವೂ ನೇತಾಡಿ.

ನೇತಾಡಲು ನಾನು ರೆಡಿ. ಬರುವವರು ಬೇಕಲ್ಲ.

14 ಜೂನ್

ಇಲ್ಲ. ಬಿಸಿಗಾಳಿ. ಕುರ್ಚಿಯ ಕೈ ಮುಟ್ಟಲಾಗದು.

ಮೊದಲೆಲ್ಲ ಪ್ರತಿ ಭಾನುವಾರ ವಿಜಯಮ್ಮನ ಫೋನ್. ಈಗ ನಾನೇ ಮಾಡಬೇಕು. "ಬಂದ್ವಾ?" ಅಂತ ಕೇಳುತ್ತಿದ್ದರು... ಈಗೀಗ ಅದೂ ಇಲ್ಲ.

3 ಆಗಸ್ಟ್

ನನ್ನ ಬುದ್ಧಿಗಿಷ್ಟು!

ಮಳೆ ನಿಂತ ಮೇಲೆ ತಲೆ ಎತ್ತಿ ನೋಡಿದೆ. ಯುಗಾದಿಯ ತೋರಣ ಇನ್ನೂ ಅಲ್ಲೇ. ಎಲೆ ಒಣಗಿ ಸುರುಳಿಯಾಗಿ ಸಂದನ್ನು ಪೂರ್ತಿ ಮುಚ್ಚಿದೆ. ಬಾವಲಿಗಳು ಕೆಳಗಿನಿಂದ ಹಾರಿ ಬಂದು ಹಲಗೆ ಹಿಡಿದು ಒಳಗೆ ಹತ್ತಬೇಕು. ನಾವು ಬಾಗಿಲಿಗೇ ಪೊರಕೆ ಕಟ್ಟಿಟ್ಟಂತಾಗಿದೆ. ಜೇಡರಬಲೆ ಹೊಡೆಯುವ ಕೋಲಿನಿಂದ ಕಿತ್ತು ಬೀಳಿಸಿದೆ.

ಇದನ್ನು ಹೇಳಿ ನಗೋಣ ಅಂತ ಫೋನ್ ಮಾಡಿದೆ. "ಆಮೇಲೆ ಮಾಡ್ತೀನಿ ಶೈಲಾ, ಯಾರೋ ಬಂದಿದಾರೆ."

ಮಾಡಲಿಲ್ಲ.

21 ಸೆಪ್ಟೆಂಬರ್, ಭಾನುವಾರ

ಪೆಟ್ಟಿಗೆಯ ಕೆಳಗೆ, ನೆಲದ ಮೇಲೆ ಜೀರಿಗೆ ಚೆಲ್ಲಿದ ಹಾಗೆ. ಕುಕ್ಕರಗಾಲಲ್ಲಿ ಕೂತು ನೋಡಿದೆ. ಹಿಕ್ಕೆ! ಕಣ್ಣಲ್ಲಿ ನೀರು ಬಂತು—ಹಿಕ್ಕೆ ನೋಡಿ ಅತ್ತವಳು ದೆಹಲಿಯಲ್ಲಿ ನಾನೊಬ್ಬಳೇ ಇರಬೇಕು. ಗುಡಿಸಲಿಲ್ಲ.

ಸಂಜೆ ಎರಡು ಹೊರಬಂದವು. ತಕ್ಷಣ ಫೋನ್.

"ವಿಜಯಮ್ಮ, ಬಂದ್ವು!"

"ಯಾರೇ?... ಓ, ಬಾವಲೀನಾ? ಒಳ್ಳೇದಾಯ್ತು ಬಿಡು."

ಆಮೇಲೆ ಮೊಮ್ಮಗಳ ಡ್ಯಾನ್ಸ್ ಕ್ಲಾಸು. ಮಂಡಿನೋವು. ಟ್ರೇನಿನ ಮಾತು ಬರುತ್ತದೆಂದು ಕಾದೆ. ಬರಲಿಲ್ಲ. ನಾನೂ ನೆನಪಿಸಲಿಲ್ಲ. ನೆನಪಿಸಿ ಕರೆಸಿಕೊಳ್ಳುವುದು ನನಗೆ ಬೇಕಿಲ್ಲ.

ಸುಳ್ಳು. ಬೇಕಿತ್ತು. ತುಂಬಾ ಬೇಕಿತ್ತು.

22 ಸೆಪ್ಟೆಂಬರ್, ಸಂಜೆ

ಆಫೀಸಿನಿಂದ ಬಂದು ಕುರ್ಚಿ ಹಾಕಿದೆ. ಕೈ ತಾನಾಗಿ ಎರಡು ಲೋಟ ಕಾಫಿ ಬೆರೆಸಿಬಿಟ್ಟಿದೆ. ಒಂದು ಕುಡಿದಾಯಿತು. ಇನ್ನೊಂದು ಕೆನೆಗಟ್ಟುತ್ತಿದೆ.

ಒಂದು.

ಎರಡು.

ಮೂರು... ಮೂರನೆಯದಾ, ಅಥವಾ ಮೊದಲನೆಯದೇ ಸುತ್ತಿ ಬಂತಾ? ಯಾರನ್ನು ಕೇಳಲಿ?