ಲಾಭ, ಎರಡು, ಮೂರು

ಅವ್ವ,

ನಿನ್ನ ಹಿತ್ತಾಳೆಯ ಸೇರು ಇವತ್ತು ನನ್ನ ಜೊತೆ ಆಟೊದಲ್ಲಿ ಗೋಗಿಯ ಶಾಲೆಗೆ ಬಂದಿತ್ತು. ಮೂರನೆಯ ತರಗತಿಗೆ ಅಳತೆಯ ಪಾಠ. ಎತ್ತರದ ಕ್ಯಾನಿಗೂ ಅಗಲವಾದ ಬೋಗುಣಿಗೂ ಒಂದೇ ಅಳತೆಯ ನೀರು ತುಂಬಿಟ್ಟಿದ್ದೆ. ಕ್ಯಾನಿನಲ್ಲೇ ಹೆಚ್ಚು ನೀರಿದೆ ಎಂದು ಮಕ್ಕಳೆಲ್ಲ ಕೂಗಿದರು. ಅಳೆದು ನೋಡಲು ಮಲ್ಲೇಶ್ವರಿಯನ್ನು ಕರೆದೆ. ಅವಳು ಬೋಗುಣಿಯಲ್ಲಿ ಸೇರು ಅದ್ದಿ, ಬಕೆಟ್ಟಿಗೆ ಸುರಿಯುತ್ತ ಜೋರಾಗಿ ಎಣಿಸತೊಡಗಿದಳು.

"ಲಾಭ, ಎರಡು, ಮೂರು..."

ಜೋಳ ಅಳೆಯುವಾಗ ಒಂದು ಎನ್ನುವ ಬದಲು ನೀನೂ ಲಾಭ ಎನ್ನುತ್ತಿದ್ದೆಯಲ್ಲ, ಥೇಟ್ ಹಾಗೆಯೇ. ಮಕ್ಕಳು ನಕ್ಕರು.

"ಲಾಭ ಅಲ್ಲವ್ವಾ, ಒಂದು ಅನ್ನು" ಎಂದುಬಿಟ್ಟೆ.

ಅವಳು ಬಾಯಿ ಮುಚ್ಚಿಕೊಂಡು ಉಳಿದದ್ದನ್ನು ಅಳೆದಳು. ಕೇಳಿದರೆ, "ಎಷ್ಟಾದ್ವೋ ಗೊತ್ತಿಲ್ರಿ ಟೀಚರ್" ಎಂದಳು. ನನಗೂ ಗೊತ್ತಿರಲಿಲ್ಲ.

ಟಿಸಿಎಚ್ ಓದುವಾಗ ಗೆಳತಿಯರನ್ನು ಮನೆಗೆ ಕರೆತಂದಿದ್ದೆ. ನೀನು ಅಂಗಳದಲ್ಲಿ ಜೋಳ ಅಳೆಯುತ್ತಿದ್ದೆ. "ಒಂದು ಅನ್ನಬೇ, ಇವ್ರು ನಗ್ತಾರ" ಎಂದು ನಿನ್ನ ಕಿವಿಯಲ್ಲಿ ಹೇಳಿದೆ. ಆಮೇಲೆ ನೀನು ನನ್ನೆದುರು ಬಾಯಿಬಿಟ್ಟು ಎಣಿಸಲೇ ಇಲ್ಲ.

ನೀರನ್ನು ತಿರುಗಿ ಬೋಗುಣಿಗೆ ಸುರಿದು, "ಮೊದಲಿಂದ ಅಳೆಯವ್ವಾ" ಎಂದೆ. ಹುಡುಗಿ ಸೇರು ಹಿಡಿದು ನನ್ನ ಮುಖವನ್ನೇ ನೋಡುತ್ತ ನಿಂತಳು. ಕೊನೆಗೆ ನಾನೇ "ಲಾಭ" ಎಂದೆ. "ಎರಡು" ಎಂದಳು. ಆಮೇಲೆ ಇಡೀ ತರಗತಿ ಎಣಿಸಿತು.

ಬೋಗುಣಿಯಲ್ಲಿ ಆರು ಸೇರು, ಕ್ಯಾನಿನಲ್ಲೂ ಆರೇ ಸೇರು. ನಿನ್ನ ಎಣಿಕೆ ಎಲ್ಲೂ ತಪ್ಪಲಿಲ್ಲ, ಅವ್ವ.