ಈ ಸಲದ ಪೆಟ್ಟಿಗೆ

ವಿಂಟನ್, ನ್ಯೂಜಿಲೆಂಡ್
ಜುಲೈ ೧೪, ಭಾನುವಾರ

ಪ್ರೀತಿಯ ಲೆತಿ ಅಕ್ಕನಿಗೆ,

ಹೋದ ವಾರ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಉತ್ತರ ಕೊಡದೆ, ಅನ್ನ ಸೀಯುತ್ತಿದೆ ಎಂದು ಸುಳ್ಳು ಹೇಳಿ ಇಟ್ಟುಬಿಟ್ಟೆ. ನಿನಗೆ ಸಿಟ್ಟು ಬಂದಿರುತ್ತದೆ. ಬರಲಿ. ಬಾಯಿ ಬಿಟ್ಟರೆ ಅಳು ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಇದನ್ನು ಅಮ್ಮನಿಗೆ ಓದಿ ಹೇಳಬೇಡ.

ಇಲ್ಲೇ ಖಾಯಮ್ಮಾಗಿ ಇರುತ್ತೇವೆಂದು ನಾವು ಹಾಕಿದ್ದ ಅರ್ಜಿ ತಿರಸ್ಕಾರವಾದದ್ದನ್ನು ದಾನಿ ನಿನಗೆ ಅರ್ಧ ಹೇಳಿದ್ದಾನೆ. ಉಳಿದರ್ಧ ನಾನು ಹೇಳುತ್ತೇನೆ. ನನ್ನ ಗಂಡ ದಾನಿಯ ಬಗ್ಗೆ ವಲಸೆ ಕಚೇರಿಯವರದೇನೂ ತಕರಾರಿಲ್ಲ. ಏಳು ವರ್ಷದಿಂದ ಇವರ ಹಸು ಕರೆಯುತ್ತಿದ್ದಾನೆ, ಒಂದು ದಿನ ಜ್ವರ ಅಂತ ಮಲಗಿದವನಲ್ಲ. ನಾನು ವೃದ್ಧಾಶ್ರಮದಲ್ಲಿ ಇವರ ತಾಯಂದಿರ ಮೈ ತೊಳೆಯುತ್ತೇನೆ, ಅದೂ ಸರಿಯಿದೆಯಂತೆ. ಸರಿಯಿಲ್ಲದವನು ನಮ್ಮ ತೋತೋ. ಒಂಬತ್ತು ತುಂಬಿದರೂ ಮಾತು ಬಾರದ ಹುಡುಗ; ಅವನ ಶಾಲೆ, ಆರೈಕೆಗಳ ಭಾರ ಈ ದೇಶಕ್ಕೆ ಹೆಚ್ಚಾಗುತ್ತದೆ ಎಂದು ಬರೆದಿದ್ದಾರೆ. ತುಂಬ ಮರ್ಯಾದೆಯ ಭಾಷೆ ಅಕ್ಕ. ಕೊನೆಯಲ್ಲಿ ಶುಭ ಬೇರೆ ಹಾರೈಸಿದ್ದಾರೆ.

ಅರ್ಜಿ ಹಾಕಿದೆವು ಎಂದದ್ದೇ ತಡ, ಅಮ್ಮ ಇಡೀ ಹಂದಿ ಸುಡಿಸಿ ಬೀದಿಗೆಲ್ಲ ಊಟ ಹಾಕಿದಳು. ಕೂಸು ಹುಟ್ಟುವ ಮುಂಚೆ ಕುಲಾವಿ. ಆ ಹಂದಿಯನ್ನು ಈಗ ಯಾರ ಹೊಟ್ಟೆಯಿಂದ ವಾಪಸ್ಸು ತರೋಣ?

ದಾನಿಯ ಯಜಮಾನ ಗ್ರಹಾಂ ಒಂದು ಕುರಿಯ ತೊಡೆ ಹಿಡಿದುಕೊಂಡು ಬಂದಿದ್ದ. ಸಾವಿನ ಮನೆಗೆ ಬಂದವನ ಹಾಗೆ ಬೂಟು ಹೊರಗೆ ಬಿಟ್ಟು ಕೂತ. "ನಾನೇ ಹೋಗಿ ಜಗಳ ಆಡ್ತೀನಿ ಕಣಯ್ಯಾ. ಇನ್ನೇನು ಕರು ಹಾಕೋ ಕಾಲ ಬಂತು, ನೀನು ಹೊರಟ್ಹೋದ್ರೆ ನನ್ನ ಗತಿ ಏನು?" ಎಂದ. ಕೆಟ್ಟವನಲ್ಲ, ಅವನಿಗೆ ಅವನ ಕರುಗಳ ಚಿಂತೆ. ದಾನಿಯ ಕೆಲಸದ ಪರವಾನಗಿ ಇನ್ನೂ ಇದೆ. ತೋತೋ ಒಬ್ಬ ಊರಿಗೆ ಹೋದರೆ ಉಳಿದವರದು ಹೇಗೋ ಸಾಗಬಹುದು ಎಂದು ವಕೀಲೆ ಹೇಳುತ್ತಾಳೆ. ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ.

ಮಗಳು ಕ್ರಿಸೆಲ್‌ಗೆ ಹದಿನೈದು. ನೆಟ್‌ಬಾಲ್ ತಂಡಕ್ಕೆ ಈ ವರ್ಷವಷ್ಟೇ ಆಯ್ಕೆಯಾಗಿದ್ದಳು. ವಿಷಯ ತಿಳಿದ ದಿನ ಊಟದ ತಟ್ಟೆ ದೂಡಿ, "ಎಲ್ಲಾ ಇವನಿಂದಾನೇ! ನನ್ನ ಶಾಲೆ ಹೋಯ್ತು, ಫ್ರೆಂಡ್ಸ್ ಹೋದ್ರು. ಇವನಿಗೇನು, ನಗ್ತಾ ಕೂತಿದಾನೆ!" ಎಂದು ಕಿರುಚಿದಳು. ತೋತೋ ನಿಜಕ್ಕೂ ನಗುತ್ತಿದ್ದ. ತನ್ನಕ್ಕ ಆಟವಾಡಿಸುತ್ತಿದ್ದಾಳೆ ಎಂದುಕೊಂಡು ಕೈ ಬಡಿದ. ದಾನಿ ಎದ್ದು ಹೋಗಿ, ಆಗಲೇ ತೊಳೆದಿಟ್ಟಿದ್ದ ಬೂಟುಗಳನ್ನು ಮತ್ತೆ ತೊಳೆದ. ಎರಡು ದಿನ ಅವಳು ತಮ್ಮನ ಕಡೆ ತಿರುಗಲಿಲ್ಲ. ಆಮೇಲೆ ನೋಡಿದರೆ, ಅವನನ್ನು ಮಡಿಲಿಗೆ ಹಾಕಿಕೊಂಡು ಏನೋ ಗುನುಗುತ್ತಾ ಉಗುರು ಕತ್ತರಿಸುತ್ತಿದ್ದಾಳೆ. ಬೇರೆ ಯಾರಿಗೂ ಅವನು ಬೆರಳು ಕೊಡುವುದಿಲ್ಲ.

ಇನ್ನು ಫೋನಿನಲ್ಲಿ ನೀನು ಆಡಿದ ಮಾತು. "ತೋತೋನ ನನ್ ಹತ್ರ ಬಿಟ್ಬಿಡೇ ಇಂದಾಯ್. ನಾನೇನು ಅವನ್ನ ತಿಂದ್ಹಾಕ್ತೀನಾ? ನೀವು ಮೂರು ಜನ ಅಲ್ಲೇ ಇದ್ದು ನಾಲ್ಕು ಕಾಸು ನೋಡ್ಕೊಳ್ಳಿ" ಎಂದೆ. ಪ್ರೀತಿಯಿಂದಲೇ ಎಂದೆ, ಗೊತ್ತು. ನಮ್ಮ ಬೀದಿಯಲ್ಲಿ ದೊಡ್ಡಮ್ಮನೋ ಅಜ್ಜಿಯೋ ಸಾಕದ ಮಗು ಯಾವ ಮನೆಯಲ್ಲಿದೆ? ಅಮ್ಮ ಹಾಂಗ್‌ಕಾಂಗ್‌ನಲ್ಲಿ ಕಂಡವರ ಮನೆ ಒರೆಸುತ್ತಿದ್ದಾಗ ನನ್ನನ್ನು ಸಾಕಿದವಳು ನೀನೇ. ಅನ್ನಕ್ಕೆ ಒಣಮೀನು ಮುರಿದು, ಮುಳ್ಳು ತೆಗೆದು ತಿನ್ನಿಸಿದ್ದೀಯ. ನನಗೇನೂ ಕಡಿಮೆಯಾಗಲಿಲ್ಲ. ಆದರೆ ಅಮ್ಮ ಮೊದಲ ಸಲ ರಜೆಗೆ ಬಂದ ದಿನ ನಾನು ನಿನ್ನ ಲಂಗದ ಹಿಂದೆ ಅವಿತು, "ಇವರು ಯಾರು?" ಎಂದು ಕೇಳಿದ್ದೆ. ನೀನು ತಲೆಗೆ ಮೊಟಕಿದೆ. ಅಮ್ಮ ತಾನು ತಂದ ಪೆಟ್ಟಿಗೆ ಬಿಚ್ಚತೊಡಗಿದಳು. ಇವತ್ತಿಗೂ ನನಗೆ ಅಮ್ಮನ ವಾಸನೆ ಎಂದರೆ ಆ ಪೆಟ್ಟಿಗೆಯ ಸೋಪಿನ ವಾಸನೆ. ನಾನಾದರೂ ಯಾರು ಎಂದು ಕೇಳಿದೆ. ತೋತೋಗೆ ಕೇಳುವುದಕ್ಕೂ ಬರುವುದಿಲ್ಲ.

ಇನ್ನೂ ಏನೂ ತೀರ್ಮಾನವಾಗಿಲ್ಲ. ಮೇಲ್ಮನವಿ ಹಾಕಬಹುದಂತೆ, ನೋಡೋಣ. ನನಗೆ ಸಾಕಾಗಿದೆ ಅಕ್ಕ. ನಿದ್ದೆ ಮಾಡಿ ಎದ್ದರೂ ಮೈ ಎದ್ದಿರುವುದಿಲ್ಲ.

ಪ್ರತಿವರ್ಷ ಊರಿಗೆ ಕಳಿಸುವ ಉಡುಗೊರೆಯ ಪೆಟ್ಟಿಗೆಯನ್ನು ಈ ಸಲ ಬೇಗ ಕಳಿಸಿದ್ದೇವೆ. ಎಂದಿನಂತೆ ಹೀಟರಿನ ಪಕ್ಕ ಬಾಯಿ ತೆರೆದುಕೊಂಡು ಕೂತಿತ್ತು. ಯಾರಿಗೆ ಏನು ತೋಚಿತೋ ತಂದು ಹಾಕಿದ್ದಾರೆ. ಹಡಗಿನಲ್ಲಿ ಬರುವುದಕ್ಕೆ ಎರಡು ತಿಂಗಳಾದರೂ ಬೇಕು. ಅಮ್ಮನ ಮಂಡಿನೋವಿನ ಮುಲಾಮು ಎಲ್ಲಕ್ಕಿಂತ ಮೇಲೆ ಇದೆ.

ನೀನು ಸಾಕಿದ
ಇಂದಾಯ್

ಮರೆತಿದ್ದೆ: ಪೆಟ್ಟಿಗೆ ಬಂದಾಗ ಬೀದಿಯವರನ್ನೆಲ್ಲ ಕೂಗಿ ಕರೆದು ಬಿಚ್ಚಬೇಡ. ಮೇಲಿರುವ ಸೋಪು, ಚಾಕೊಲೇಟು ಹಂಚು, ಕೆಳಗಿನದನ್ನು ಯಾರಿಗೂ ಕೊಡಬೇಡ. ನೀನು ಫೋನು ಮಾಡಿದ ಮರುದಿನ ನಾನು ತೋತೋನ ಬಟ್ಟೆಗಳನ್ನು ಮಡಿಸಿ ತಳದಲ್ಲಿ ಇಟ್ಟಿದ್ದೆ, ಅವನವು ಮಾತ್ರ. ಬೆಳಿಗ್ಗೆ ನೋಡಿದರೆ ಅವುಗಳ ಮೇಲೆ ಕ್ರಿಸೆಲ್‌ಳ ನೆಟ್‌ಬಾಲ್ ಬೂಟು. ಸಂಜೆಗೆ ದಾನಿಯ ಮದುವೆಯ ಅಂಗಿ. ನಾನು ನನ್ನ ಚರ್ಚಿನ ಉಡುಪನ್ನೂ ಇಟ್ಟು ಟೇಪು ಹಚ್ಚಿದೆ. ಹಿಂದಿನ ಕೋಣೆ ಖಾಲಿ ಮಾಡಿಡು, ನಾಲ್ಕು ಜನ ಮಲಗಬೇಕು.